ದೀಪಿಕಾ ಪಡುಕೋಣೆ ಬೆಳೆದದ್ದು ಅಪ್ಪನ ಹೆಸರಿನಿಂದಲೇ?

ಮುಂಬಯಿಯ ಮಾಟುಂಗಾದಲ್ಲಿ ನಾವು ಕನ್ನಡಿಗರು ಹರಟೆಗೆ ಕೂತಾಗಲೂ ಈ ಪ್ರಶ್ನೆ ಬರುತ್ತದೆ. ನನ್ನ ಪ್ರಕಾರ ಅರ್ಧ ಮಾತ್ರ ನಿಜ. ಅಪ್ಪ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದವರು. ಆ ಹೆಸರು ಆಟದ್ದು, ಸಿನಿಮಾದ್ದಲ್ಲ ಅಲ್ವಾ?

ದೀಪಿಕಾ ಹುಟ್ಟಿದ್ದು 1986ರಲ್ಲಿ, ಕೋಪನ್‌ಹೇಗನ್‌ನಲ್ಲಿ. ಬೆಳೆದದ್ದು ಬೆಂಗಳೂರಲ್ಲಿ. ಅವರೂ ಮೊದಲು ರಾಕೆಟ್ ಹಿಡಿದವರೇ, ಆಮೇಲೆ ಅದನ್ನು ಬಿಟ್ಟು ಮಾಡೆಲಿಂಗ್‌ಗೆ ಬಂದರು. ಮೊದಲ ಸಿನಿಮಾ ಕನ್ನಡದ್ದು: 2006ರ ‘ಐಶ್ವರ್ಯ’, ಉಪೇಂದ್ರ ಜೊತೆ. ಇಲ್ಲಿನವರಿಗೆ ಇದು ಜಾಸ್ತಿ ಗೊತ್ತಿಲ್ಲ!

ಮರುವರ್ಷ ಹಿಂದಿಯಲ್ಲಿ ‘ಓಂ ಶಾಂತಿ ಓಂ’ ಬಂತು. ಅದರಲ್ಲಿ ಅವರ ಪಾತ್ರಕ್ಕೆ ದನಿ ಕೊಟ್ಟದ್ದು ಬೇರೊಬ್ಬರು. ಅಲ್ಲಿಂದ ‘ಪೀಕು’ವರೆಗೆ ನಟನೆ ಕಲಿತು ಬೆಳೆದದ್ದು ಮಾತ್ರ ಪೂರ್ತಿ ಅವರದೇ ದುಡಿಮೆ. 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆಯೂ ಬಾಯಿಬಿಟ್ಟು ಹೇಳಿಕೊಂಡರು.