ಬಾಟ್ಲಿ ಮೂರು ರೂಪಾಯಿ ಕಡಿಮೆಗೆ ಸಿಗ್ತಿದೆ, ಅಂಗಡಿ ಬದಲಾಯಿಸ್ಲಾ?

ಪ್ರಶ್ನೆ: ಅಕ್ಕಾ ನಮಸ್ಕಾರ. ನಾನು ಶಿರಸಿ ಹತ್ರದ ಹಳ್ಳಿಯವಳು, ಮನೇಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಬಾಟ್ಲಿಗೆ 160ರ ಹಾಗೆ ಮಾರ್ತೀನಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ರಿಜಿಸ್ಟ್ರೇಶನ್ ಇದೆ, ಜಿಎಸ್‌ಟಿ ಇಲ್ಲ. ವರ್ಷಕ್ಕೆ 4000 ಗಾಜಿನ ಬಾಟ್ಲಿ ಬೇಕು. ಶುರುವಿನಿಂದ ಪೇಟೆಯ ಒಬ್ರ ಹತ್ರಾನೇ ತಗೊಳ್ತಿದೀನಿ, ಮುಚ್ಚಳ, ಟ್ಯಾಕ್ಸ್ ಎಲ್ಲಾ ಸೇರಿ 14.50, ಮನೆಗೇ ತಂದು ಹಾಕ್ತಾರೆ, ದುಡ್ಡು ತಿಂಗಳು ಬಿಟ್ಟು ಕೊಟ್ರೂ ಸುಮ್ನಿರ್ತಾರೆ. ಈಗ ಹುಬ್ಬಳ್ಳಿಯವ್ರೊಬ್ರು 11.50ಕ್ಕೆ ಕೊಡ್ತೀನಿ, ಜಿಎಸ್‌ಟಿ ಬೇರೆ, 4000 ಒಟ್ಟಿಗೇ ತಗೋಬೇಕು, ದುಡ್ಡು ಮೊದ್ಲೇ ಹಾಕಿ ಅಂತಿದಾರೆ. ಲಾರಿ ಬಾಡಿಗೆ, ಹಮಾಲಿ ನಮ್ದೇ, 1500 ಆಗುತ್ತೆ. ನಮ್ಮೆಜಮಾನ್ರು 12,000 ಉಳಿಯುತ್ತಲ್ಲ, ತಗೋ ಅಂತಾರೆ. ನಂಗೆ ಹಳೇ ಅಂಗಡಿಯವ್ರ ಮುಖ ಹೆಂಗೆ ನೋಡ್ಲಿ ಅನ್ನೋ ಸಂಕೋಚ.

ಉತ್ತರ: ತಂಗೀ, ಸಂಕೋಚದ ವಿಷ್ಯ ಆಮೇಲೆ ನೋಡೋಣ, ಮೊದ್ಲು ಆ 12,000 ನಿಜಾನಾ ನೋಡಿ. ಗಾಜಿನ ಬಾಟ್ಲಿಗೆ ಜಿಎಸ್‌ಟಿ 18 ಪರ್ಸೆಂಟ್, 11.50ಕ್ಕೆ 2.07 ಸೇರಿದ್ರೆ 13.57 ಆಯ್ತು. ನಿಮ್ದು ಜಿಎಸ್‌ಟಿ ನಂಬರ್ ಇಲ್ಲ ಅಂದ್ಮೇಲೆ ಆ ತೆರಿಗೆ ವಾಪಸ್ ಬರೋದಿಲ್ಲ, ಅದೂ ನಿಮ್ಮ ಖರ್ಚೇ. ಅಂದ್ರೆ ವ್ಯತ್ಯಾಸ ಮೂರು ರೂಪಾಯಿ ಅಲ್ಲ, 93 ಪೈಸೆ. 4000ಕ್ಕೆ 3720, ಅದ್ರಲ್ಲಿ ಲಾರಿ, ಹಮಾಲಿ 1500 ಕಳೀರಿ, ಉಳಿಯೋದು 2220. ಇನ್ನು ದಾರೀಲಿ ಒಡೆದಿದ್ದು ಯಾರ ತಲೆಮೇಲೆ ಅಂತ ಅವ್ರು ಹೇಳಿದ ಹಾಗಿಲ್ಲ, ಅದನ್ನ ಕೇಳ್ಲೇಬೇಕು.

ಈಗ ನಿಮ್ಮ ರೇಟಲ್ಲೇ ನೋಡಿ, 14 ಬಾಟ್ಲಿ ಉಪ್ಪಿನಕಾಯಿ ಸೋರಿ ಹಾಳಾದ್ರೆ 2240 ಹೋಯ್ತು, 4000ದಲ್ಲಿ ಬರೀ ಹದಿನಾಲ್ಕು! ಅದಕ್ಕೇ ನಾನು ಗಾಜಿಗಿಂತ ಜಾಸ್ತಿ ಮುಚ್ಚಳಕ್ಕೆ ಹೆದರೋದು. ಅಪ್ಪೆಮಿಡಿ ಅಂದ್ರೆ ಉಪ್ಪು, ಹುಳಿ ಎರಡೂ ಜೋರು, ತಗಡಿನ ಮುಚ್ಚಳದ ಒಳಗಿನ ಕೋಟಿಂಗ್ ತೆಳ್ಳಗಿದ್ರೆ ಅಥವಾ ಎಲ್ಲಾದ್ರೂ ಗೀರು ಬಿದ್ದಿದ್ರೆ ಅಲ್ಲಿಂದಾನೇ ತುಕ್ಕು ಶುರುವಾಗುತ್ತೆ, ಒಂದೆರಡು ತಿಂಗಳಿಗೆ ಕಂದು ಕಲೆ, ಆಮೇಲೆ ಬಾಯಿ ಸುತ್ತ ಎಣ್ಣೆ ಜಿನುಗುತ್ತೆ, ಲೇಬಲ್ ಕಪ್ಪಾಗುತ್ತೆ. ತಗೊಂಡೋರು ಬಾಟ್ಲಿ ಅಂಗಡಿಯವ್ರಿಗೆ ಬಯ್ಯಲ್ಲ, ನಿಮ್ಗೇ ಬಯ್ಯೋದು, ಮುಂದಿನ ವರ್ಷ ಆರ್ಡರ್ರೇ ಬರಲ್ಲ.

ಹಾಗಾಗಿ ಸ್ಯಾಂಪಲ್ ಒಂದು ಹನ್ನೆರಡು ತರಿಸಿ, ಅವ್ರು ಆರಿಸಿ ಕಳಿಸಿದ್ದಲ್ಲ, ಸ್ಟಾಕಿನ ಬಾಕ್ಸ್ ಒಡೆದು ತೆಗ್ದಿದ್ದು. ಹೋದ ವರ್ಷದ ಉಪ್ಪಿನಕಾಯೀನೇ ತುಂಬಿ, ಮುಚ್ಚಳ ಬಿಗಿ ಮಾಡಿ ಪೇಪರ್ ಮೇಲೆ ತಲೆಕೆಳಗಾಗಿ ರಾತ್ರಿಯಿಡೀ ಇಡಿ, ಒಂದು ಹನಿ ಎಣ್ಣೆ ಇಳಿದ್ರೂ ಪೇಪರಲ್ಲಿ ಕಲೆ ಕಾಣುತ್ತೆ. ಆಮೇಲೆ ಅದ್ರಲ್ಲೇ ಆರನ್ನ ಬಸ್ ಪಾರ್ಸೆಲ್ಲಲ್ಲಿ ಕುಮಟಾಕ್ಕೆ ನೆಂಟ್ರ ಮನೆಗೆ ಕಳಿಸಿ, ದೇವಿಮನೆ ಘಟ್ಟದ ತಿರುವಲ್ಲಿ ಕುಲುಕಾಡಿ ಇಳಿದ್ಮೇಲೂ ಒಣಗಿಕೊಂಡೇ ಇದ್ರೆ ಮುಚ್ಚಳ ಗಟ್ಟಿ ಇದೆ ಅಂತ ಲೆಕ್ಕ. ಉಳಿದ ಆರನ್ನ ಮುಟ್ಟದೆ ಎರಡು ತಿಂಗಳು ಇಟ್ಟು ಮುಚ್ಚಳದ ಒಳಗೆ ನೋಡಿ. ನಿಮ್ಮ ಲೇಬಲ್ ಆ ಬಾಟ್ಲಿಗೆ ಸರಿಯಾಗಿ ಸುತ್ತುತ್ತಾ, ಅಷ್ಟೇ ಗ್ರಾಂ ಹಿಡಿಯುತ್ತಾ ಅದನ್ನೂ ನೋಡ್ಕೊಳ್ಳಿ, ಇಲ್ದಿದ್ರೆ ಲೇಬಲ್ ಪೂರಾ ಹೊಸದಾಗಿ ಪ್ರಿಂಟ್ ಮಾಡಿಸ್ಬೇಕಾಗುತ್ತೆ. ಬಾಟ್ಲಿ, ಮುಚ್ಚಳ ಎರಡೂ ಫುಡ್ ಗ್ರೇಡ್ ಅನ್ನೋ ಸರ್ಟಿಫಿಕೇಟ್ ಕೇಳಿ, ಎಫ್‌ಎಸ್‌ಎಸ್‌ಎಐದು 2018ರ ಪ್ಯಾಕೇಜಿಂಗ್ ನಿಯಮಾನೇ ಇದೆ, ಕೇಳೋಕೆ ನಾಚ್ಕೋಬೇಡಿ.

ನಂಗೆ ಇದಕ್ಕಿಂತ ಚಿಂತೆ ಆಗಿದ್ದು ಮುಂಗಡದ್ದು. 4000ಕ್ಕೆ 54,280 ಆಯ್ತು, ಅದೂ ಮಿಡಿ ಸೀಸನ್ನಲ್ಲಿ. ಮರ ಹತ್ತಿ ಮಿಡಿ ಕೊಯ್ದು ತರೋರಿಗೆ ಕೈಮೇಲೇ ದುಡ್ಡು ಎಣಿಸ್ಬೇಕು, ಅವತ್ತು ಕೈ ಖಾಲಿ ಇದ್ರೆ ಒಳ್ಳೇ ಜೀರಿಗೆ ಪರಿಮಳದ ಮಿಡಿ ಬೇರೆಯವ್ರ ಭರಣಿ ಸೇರುತ್ತೆ. ಹಳೇ ಅಂಗಡಿಯವ್ರು ತಿಂಗಳು ಉದ್ರಿ ಕೊಡ್ತಾರಲ್ಲ, ಅದಕ್ಕೆ ಬಿಲ್ಲಲ್ಲಿ ರೇಟ್ ಬರೆದಿರಲ್ಲ ಅಷ್ಟೇ, ಬೆಲೆ ಇದೆ.

ಇನ್ನು ಸಂಕೋಚ. ಬದಲಾಯಿಸೋದೇ ತಪ್ಪು ಅಂತ ನಾನು ಹೇಳಲ್ಲ, ವ್ಯಾಪಾರ ಅಂದ್ಮೇಲೆ ನಾಲ್ಕು ಕಡೆ ರೇಟ್ ಕೇಳ್ಬೇಕು. ಆದ್ರೆ ಹೇಳ್ದೇ ಬಿಟ್ಟು ಹೋಗೋದು ಬೇಡ, ಹೋಗಿ ನೇರ ಕೂತು "ಹುಬ್ಬಳ್ಳಿಯಿಂದ ಹಿಂಗೊಂದು ರೇಟ್ ಬಂದಿದೆ, ನೀವು ಎಷ್ಟು ಇಳಿಸ್ತೀರಿ" ಅಂತ ಕೇಳಿ. ಜಿಎಸ್‌ಟಿ, ಲಾರಿ ಎಲ್ಲಾ ಸೇರಿಸಿದ ಲೆಕ್ಕಾನೇ ತೋರ್ಸಿ, ಬರೀ 11.50 ಅಂದ್ರೆ ಅರ್ಧ ಮಾತು ಮುಚ್ಚಿಟ್ಟ ಹಾಗೆ. ಅವ್ರು 50 ಪೈಸೆ ಇಳಿಸಿದ್ರೂ 2000 ಬಂತಲ್ಲ, ಆ 2220ಕ್ಕೂ ಇದಕ್ಕೂ ಎಷ್ಟು ದೂರ? ಇಳಿಸಲ್ಲ ಅಂದ್ರೂ ಈ ಸೀಸನ್ನಿಗೆ ಹಳೇ ಅಂಗಡೀಲೇ ತಗೊಳ್ಳಿ. ಹುಬ್ಬಳ್ಳಿಯವ್ರಿಗೆ, ಸ್ಯಾಂಪಲ್ ಚೆನ್ನಾಗಿದ್ರೆ, ದೀಪಾವಳಿ ಹೊತ್ತಿಗೆ 500 ಬಾಟ್ಲಿ ಆರ್ಡರ್ ಕೊಡ್ತೀನಿ ಅಂತ ಹೇಳಿ, 500ಕ್ಕೆ ಎಷ್ಟು ರೇಟ್ ಅಂತ ಬರವಣಿಗೇಲೇ ತರಿಸ್ಕೊಳ್ಳಿ.