ಕಟ್ಟಡಕ್ಕೆ ಸಿಗುವ ಹಣ ಮಗುವಿಗೇಕೆ ಸಿಗುವುದಿಲ್ಲ?

ಲಿಂಗಸೂಗೂರು ತಾಲ್ಲೂಕಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಪತ್ರದ ಸಾರ: “ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಹೆಚ್ಚು ಅನುದಾನ ಕೊಡಿ ಎಂದು ನಿಮ್ಮ ಪತ್ರಿಕೆ ಪದೇ ಪದೇ ಬರೆಯುತ್ತಿದೆ. ಐದು ತರಗತಿಗಳಿಗೆ ಇಬ್ಬರು ಶಿಕ್ಷಕರಿರುವ ನಮ್ಮ ಭಾಗದಲ್ಲಿ ಇದು ಐಷಾರಾಮದ ಬೇಡಿಕೆ. ಅಂಧರ, ಶ್ರವಣದೋಷವುಳ್ಳವರ ಮಾತು ಬೇರೆ. ಬುದ್ಧಿಯಿದ್ದೂ ಓದು ಬರಹ ಬಾರದು ಎನ್ನುವ ಈ ಕಲಿಕಾ ನ್ಯೂನತೆ ಎಂಬುದು ನಮ್ಮ ಕಾಲದಲ್ಲಿ ಇರಲೇ ಇಲ್ಲ. ನನ್ನ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ಬಯಲಾಟದ ಮಾತುಗಳೆಲ್ಲ ಅವನಿಗೆ ಬಾಯಿಪಾಠ, ಪುಸ್ತಕದ ಒಂದು ಸಾಲು ಓದಲು ಬಾರದು. ಮೈಗಳ್ಳತನವಲ್ಲದೆ ಇದಕ್ಕೆ ಬೇರೆ ಹೆಸರುಂಟೆ? ಪರೀಕ್ಷೆಯ ರಿಯಾಯಿತಿಗಾಗಿ ಪಟ್ಟಣದ ಉಳ್ಳವರು ಮಾಡಿಸಿಕೊಳ್ಳುವ ಪ್ರಮಾಣಪತ್ರಕ್ಕೆ ನೀವೂ ತುತ್ತೂರಿ ಊದಬೇಕೆ?”

ಸಂಪಾದಕರ ಉತ್ತರ:

ಮಾನ್ಯ ಗುರುಗಳೇ, ಶಿಕ್ಷಕರ ಕೊರತೆಯ ಬಗ್ಗೆ ನೀವು ಬರೆದಿರುವುದು ಅಕ್ಷರಶಃ ನಿಜ. ಒಂದೇ ಕೋಣೆಯಲ್ಲಿ ಮೂರು ತರಗತಿಗಳನ್ನು ಕೂರಿಸಿಕೊಂಡು, ನಡುವೆ ಬಿಸಿಯೂಟದ ಲೆಕ್ಕವನ್ನೂ ಬರೆಯುವ ಶಿಕ್ಷಕರನ್ನು ನಾನೂ ಕಂಡಿದ್ದೇನೆ. ಆದರೆ ಆ ಕೊರತೆಯ ಬೆಲೆಯನ್ನು ಎಲ್ಲರಿಗಿಂತ ಮೊದಲು ತೆರುವ ಮಗು ಯಾವುದೆಂದು ನಿಮ್ಮಂಥ ಅನುಭವಿಗಳಿಗೆ ನಾನು ಹೇಳಬೇಕಾಗಿಲ್ಲ. ಚುರುಕಾದ ಮಗು ಗೋಡೆಯ ಮೇಲಿನ ಜಾಹೀರಾತನ್ನು ಓದಿಯಾದರೂ ಅಕ್ಷರ ಕಲಿತೀತು. ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತದ್ದು ಹಾಗೆ ಕಲಿಯುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವನು ಆ ಬಯಲಾಟದ ಹುಡುಗ. ಬೆಳಗಿನ ಜಾವದವರೆಗೆ ನಡೆಯುವ ಆಟದ ಮಾತುಗಳನ್ನು ಕೇಳಿಯೇ ನೆನಪಿಟ್ಟುಕೊಂಡು, ಅದಕ್ಕೆ ತಕ್ಕ ರಾಗ, ಹೆಜ್ಜೆಗಳೊಡನೆ ಒಪ್ಪಿಸಬಲ್ಲವನನ್ನು ಮೈಗಳ್ಳ ಎನ್ನಲು ನಿಮಗೆ ಮನಸ್ಸಾದರೂ ಹೇಗೆ ಬಂತು? 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಎಲ್ಲ ರೀತಿಯಲ್ಲೂ ಬುದ್ಧಿವಂತನಾಗಿದ್ದೂ ಓದಲು ಬಾರದ ಹದಿನಾಲ್ಕು ವರ್ಷದ ಹುಡುಗನೊಬ್ಬನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾಗಿದ್ದರೆ ಇಡೀ ಶಾಲೆಯಲ್ಲಿ ಇವನೇ ಜಾಣನೆನಿಸಿಕೊಳ್ಳುತ್ತಿದ್ದ ಎಂದು ಆ ಹುಡುಗನ ಮೇಷ್ಟ್ರು ಹೇಳಿದ್ದನ್ನೂ ಅವರು ದಾಖಲಿಸಿದ್ದಾರೆ. ನೀವು ಕೊಟ್ಟಿರುವುದೂ ಅದೇ ಸಾಕ್ಷ್ಯ. ತೀರ್ಪು ಮಾತ್ರ ತಿರುವುಮುರುವಾಗಿದೆ. ‘ನಮ್ಮ ಕಾಲದಲ್ಲಿ ಇರಲಿಲ್ಲ’ ಎಂಬ ನಿಮ್ಮ ಮಾತಿಗೆ ನಿಮ್ಮ ಪತ್ರದಲ್ಲೇ ಉತ್ತರವಿದೆ ಎಂದರೆ ಬೇಸರಿಸಬೇಡಿ.

ಇರಲಿಲ್ಲ ಎನ್ನಬಹುದಾದದ್ದು ಕಾನೂನಿನಲ್ಲಿ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಪಟ್ಟಿಗೆ ಸೇರಿಸಿತು. ಅಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಬೇಕಾದದ್ದು ಶಾಲೆಗಳ ಕರ್ತವ್ಯ ಎಂದೂ ಹೇಳಿತು.

ಕನ್ನಡದಲ್ಲಿ ಈ ಗುರುತಿಸುವಿಕೆಗೆ ಅದರದೇ ಆದ ತೊಡಕಿದೆ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಮಗು ಕಲಿಯಬೇಕಾದ ಅಕ್ಷರರೂಪಗಳು ನೂರಾರು. ಸಾಮಾನ್ಯ ಮಕ್ಕಳಿಗೂ ಅವೆಲ್ಲ ಕೈವಶವಾಗಲು ನಾಲ್ಕನೇ ತರಗತಿ ದಾಟಬೇಕಾಗುತ್ತದೆ ಎಂಬುದನ್ನು ಮಕ್ಕಳ ಓದಿನ ಕುರಿತ ಸಂಶೋಧಕಿ ಸೊನಾಲಿ ನಾಗ್ ಅವರ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಮುಂದೆ ತಾನಾಗಿಯೇ ಬರುತ್ತದೆ ಎಂದು ಶಿಕ್ಷಕರು ಕಾಯುತ್ತಾರೆ, ಪಾಲಕರೂ ಕಾಯುತ್ತಾರೆ, ಅಷ್ಟರಲ್ಲಿ ಮಗು ಐದನೇ ತರಗತಿಗೆ ಬಂದಿರುತ್ತದೆ. ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಥದೇ ಹುಡುಗಿಯೊಬ್ಬಳ ಕಾಪಿ ಪುಸ್ತಕ ತಿರುವಿದೆ. ‘ಅಕ್ಕ’ ಇದ್ದಲ್ಲೆಲ್ಲ ‘ಅಕ’, ‘ಪುಸ್ತಕ’ ಇದ್ದಲ್ಲಿ ‘ಪುಸಕ’, ‘ಬಳ್ಳಾರಿ’ ಒಂದು ಪುಟದಲ್ಲಿ ‘ಬಳರಿ’, ಮತ್ತೊಂದರಲ್ಲಿ ‘ಬರಳಿ’. ಪ್ರತಿ ಪುಟದ ಕೆಳಗೂ ಕೆಂಪು ಶಾಯಿಯಲ್ಲಿ ‘ಗಮನವಿಟ್ಟು ಬರೆ’ ಎಂಬ ಷರಾ. ಅದೇ ಹುಡುಗಿ, ಅವ್ವ ಬಿಡಿಸಿದ ಹತ್ತಿಯ ತೂಕಕ್ಕೆ ಎಷ್ಟು ಕೂಲಿ ಆಯಿತೆಂಬುದನ್ನು ಮೇಸ್ತ್ರಿಗಿಂತ ಮೊದಲೇ ಬಾಯಲ್ಲಿ ಹೇಳುತ್ತಿದ್ದಳು. ಗಮನದ ಕೊರತೆ ಇದ್ದದ್ದು ಯಾರಿಗೆ?

ಇನ್ನು ಐಷಾರಾಮದ ಮಾತು. ಶಾಲಾ ಶಿಕ್ಷಣಕ್ಕೆ ಹಣ ಕೊಡುವ ‘ಸಮಗ್ರ ಶಿಕ್ಷಣ’ ಯೋಜನೆಯ ಅಡಿಯಲ್ಲಿ ಇಂಥ ಒಂದು ಮಗುವಿಗೆ ವರ್ಷಕ್ಕೆ ಗರಿಷ್ಠ 3,500 ರೂಪಾಯಿಯ ಅವಕಾಶವಿದೆ. ತಿಂಗಳಿಗೆ 300 ರೂಪಾಯಿಯೂ ಆಗಲಿಲ್ಲ. ಹೆಣ್ಣುಮಗುವಾದರೆ ಹತ್ತು ತಿಂಗಳ ಮಟ್ಟಿಗೆ ಮಾಸಿಕ 200 ರೂಪಾಯಿಯ ಶಿಷ್ಯವೇತನ ಉಂಟು. ಸಾಧನ ಸಲಕರಣೆ, ಸಾರಿಗೆ, ಮೌಲ್ಯಾಂಕನ ಶಿಬಿರ ಎಂದು ಆ 3,500ಕ್ಕೆ ಕೈಯೊಡ್ಡುವ ಬಾಬತ್ತುಗಳು ಹಲವು. ಇದನ್ನು ಐಷಾರಾಮ ಎಂದವರು ನಮ್ಮ ಜಿಲ್ಲೆಗಳಲ್ಲಿ ಒಂದು ಸ್ವಾಗತ ಕಮಾನಿಗೆ ಆಗುವ ಖರ್ಚನ್ನೂ ಒಮ್ಮೆ ವಿಚಾರಿಸಬೇಕು.

ಆ ಮೌಲ್ಯಾಂಕನ ಶಿಬಿರವನ್ನು ನೀವೂ ನೋಡಿರುತ್ತೀರಿ. ಶಾಮಿಯಾನ, ಹಾರ, ಸಾಲಾಗಿ ನಿಲ್ಲಿಸಿದ ಗಾಲಿಕುರ್ಚಿಗಳು, ಪೆಟ್ಟಿಗೆಯಲ್ಲಿ ಶ್ರವಣಯಂತ್ರಗಳು, ಗಣ್ಯರ ಭಾಷಣ, ಕೊನೆಯಲ್ಲಿ ಫೋಟೊ. ಗಾಲಿಕುರ್ಚಿ ಬೇಕಾದವರಿಗೆ ಅದು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದಲು ತಡವರಿಸುವ ಮಗುವಿನ ಕೈಗೆ ವೇದಿಕೆಯ ಮೇಲೆ ಕೊಡುವಂಥದ್ದು ಏನೂ ಇಲ್ಲ; ಅದಕ್ಕೆ ಬೇಕಾದದ್ದು ವಾರವಾರ ಬಂದು, ಪಕ್ಕದಲ್ಲಿ ಕೂತು, ಒಂದೊಂದೇ ಒತ್ತಕ್ಷರವನ್ನು ಕಣ್ಣಿಗೆ, ಕಿವಿಗೆ, ಬೆರಳಿಗೆ ಮುಟ್ಟಿಸುವ ಒಬ್ಬ ಮನುಷ್ಯ. ಆ ಕೆಲಸಕ್ಕೆಂದೇ ಇರುವ ಬಿಐಇಆರ್‌ಟಿಗಳು (ತಾಲ್ಲೂಕು ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು) ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ಅವರು ಬಸ್ಸು ಹಿಡಿದು ಊರೂರು ಸುತ್ತುವುದರಲ್ಲೇ ವಾರ ಮುಗಿಯುತ್ತದೆ. ವಿಶೇಷ ಶಿಕ್ಷಕರ ಪ್ರಮಾಣವನ್ನು ನಿಗದಿ ಮಾಡಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ ಮೇಲೆ, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೊಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೊಬ್ಬರು ಎಂದು ಕೇಂದ್ರ ನಿಗದಿಪಡಿಸಿತು. ಆ ಲೆಕ್ಕವನ್ನು ನಿಮ್ಮ ತಾಲ್ಲೂಕಿಗೆ ಹಾಕಿ ನೋಡಿ.

ಹಣವಿಲ್ಲ ಎಂಬ ಮಾತನ್ನು ಬಳ್ಳಾರಿಯಲ್ಲಿ ಕೂತು ಪತ್ರಿಕೆ ನಡೆಸುವ ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಅದಿರು ತೆಗೆದವರು ಕಟ್ಟುವ ವಂತಿಗೆಯಿಂದ ತುಂಬುವ ಜಿಲ್ಲಾ ಖನಿಜ ನಿಧಿಗೆ 2015ರಲ್ಲಿ ಕೇಂದ್ರ ರೂಪಿಸಿದ ಮಾರ್ಗಸೂಚಿಯೇ, ಕನಿಷ್ಠ ಶೇ 60ರಷ್ಟು ಹಣ ಆದ್ಯತಾ ವಲಯಗಳಿಗೆ ಹೋಗಬೇಕು ಎಂದಿತ್ತು. ಆ ವಲಯಗಳಲ್ಲಿ ಶಿಕ್ಷಣವೂ ಇದೆ, ಅಂಗವಿಕಲರ ಕಲ್ಯಾಣವೂ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಫಲವಾಗಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024–25ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದದ್ದು 5,000 ಕೋಟಿ ರೂಪಾಯಿ. ಗ್ರಾಮ ಪಂಚಾಯಿತಿಗಳೂ ಅಂಗವಿಕಲರಿಗಾಗಿ ಶೇ 5ರಷ್ಟನ್ನು ತೆಗೆದಿಡಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಕೋಣೆ ಕಟ್ಟಿದರೆ ಗುತ್ತಿಗೆದಾರನಿದ್ದಾನೆ, ಉದ್ಘಾಟನೆಯಿದೆ, ಹೆಸರು ಕೆತ್ತಿಸಲು ಕಲ್ಲಿದೆ. ವಿಶೇಷ ಶಿಕ್ಷಕಿಗೆ ತಿಂಗಳ ಸಂಬಳ ಕೊಟ್ಟರೆ ಕಲ್ಲು ಎಲ್ಲಿ ನೆಡುತ್ತೀರಿ? ನಮ್ಮ ಜಿಲ್ಲೆಗಳ ಕ್ರಿಯಾ ಯೋಜನೆಗಳಲ್ಲಿ ಸಿಮೆಂಟಿನ ವಾಸನೆಯೇ ಹೆಚ್ಚು ಎಂದು ನಾನು ಬರೆದಾಗಲೆಲ್ಲ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಇದರ ಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಹುಚ್ಚು. ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಬಂತು ಎಂಬುದೊಂದೇ ಅಧಿಕಾರಿಗಳ ಯೋಗ್ಯತೆಯ ಅಳತೆಯಾದರೆ, ಸರಾಸರಿ ಕೆಡಿಸುವ ಮಗು ಒಂಬತ್ತನೇ ತರಗತಿಯಲ್ಲೇ ಮೆಲ್ಲಗೆ ಜಾರಿಹೋದಾಗ ಹುಡುಕುವವರು ಯಾರು? ದೇವದುರ್ಗ, ಲಿಂಗಸೂಗೂರು ಕಡೆಯಿಂದ ಗುಳೆ ಹೋದ ಕುಟುಂಬದ ಮಗುವಾದರೆ ಇನ್ನೂ ಸಲೀಸು. ಶಾಲೆ ಬಿಟ್ಟದ್ದಕ್ಕೆ ಗುಳೆಯೇ ಕಾರಣ ಎಂದು ಬರೆದರೆ ಕಡತ ಮುಗಿಯಿತು.

ಪ್ರಮಾಣಪತ್ರದ ದುರುಪಯೋಗ ಅಲ್ಲಲ್ಲಿ ನಡೆಯುತ್ತದೆ, ಒಪ್ಪಿದೆ. ಆದರೆ ನಮ್ಮ ಹಳ್ಳಿಗಳ ಕಷ್ಟ ಅದಲ್ಲ. ಅರ್ಹರಿಗೇ ಅದು ಸಿಗುತ್ತಿಲ್ಲ. 2018ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಮೂರನೇ ತರಗತಿ ಅಥವಾ ಎಂಟು ವರ್ಷಕ್ಕೆ ಶಿಕ್ಷಕರೇ ಮೊದಲ ತಪಾಸಣೆ ಮಾಡಬೇಕು, ಆಮೇಲೆ ಮಕ್ಕಳ ವೈದ್ಯರು, ಮನಃಶಾಸ್ತ್ರಜ್ಞರು ನೋಡಬೇಕು. ಎಂಟಕ್ಕೆ ಕೊಟ್ಟ ಪತ್ರವನ್ನು ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಮತ್ತೆ ಮಾಡಿಸಬೇಕು. ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಅಲೆಯುವ ತಾಯಿ ಎಷ್ಟು ಸಲ ಬಂದಾಳು? ಆ ಕಾಗದವಿದ್ದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚುವರಿ ಸಮಯ ಸಿಗುತ್ತದೆ, ಅಗತ್ಯವಿದ್ದರೆ ಬರೆದುಕೊಡುವವರೂ ಸಿಗುತ್ತಾರೆ. ಇದು ಕೃಪೆಯಲ್ಲ.

ನಿಮ್ಮ ಶಿಷ್ಯರೊಬ್ಬರು ಈಗ ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿದ್ದಾರೆಂದು ಹೆಮ್ಮೆಯಿಂದ ಬರೆದಿದ್ದೀರಿ. ಓದುವ ತೊಡಕನ್ನು ಕನ್ನಡದಲ್ಲೇ ಅಳೆಯುವ ‘ಡಾಲಿ’ ಎಂಬ ಪರೀಕ್ಷಾ ಸಾಧನವನ್ನು ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲೇ ಹೊರತಂದಿದೆ. ಅದನ್ನು ತರಿಸಿಕೊಂಡು, ತಮ್ಮ ಕ್ಲಸ್ಟರಿನ ಮೂರನೇ ತರಗತಿಯ ಮಕ್ಕಳಲ್ಲಿ ಎಷ್ಟು ಮಂದಿಗೆ ತಪಾಸಣೆ ಬೇಕೆಂಬ ಪಟ್ಟಿಯೊಂದನ್ನು ಈ ವರ್ಷವೇ ಮಾಡುವಂತೆ ಅವರಿಗೆ ಹೇಳಿ. ನೀವು ಹೇಳಿದರೆ ಅವರು ತೆಗೆದುಹಾಕಲಾರರು. ಮಕ್ಕಳ ಹೆಸರು ಬೇಡ, ಸಂಖ್ಯೆಯನ್ನಷ್ಟೇ ಕಳಿಸಿ. ಪ್ರದೇಶಾಭಿವೃದ್ಧಿ ಮಂಡಳಿಯ ಮುಂದಿನ ಕ್ರಿಯಾ ಯೋಜನೆ ಸಿದ್ಧವಾಗುವ ಮೊದಲು ಅದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.