ಕಾಕಾನ ಫ್ಯಾನ್ ಛತ್ರಿಗೆ ಪೇಟೆಂಟ್ ಆಕ್ಷೇಪ: ಪ್ರತಿಕ್ರಿಯೆ

ಬ್ಯಾಡಗಿಯ ನಿಮ್ಮ ಕಾಕಾ ಮೆಣಸಿನಕಾಯಿ ಕಣದಲ್ಲಿ ಕೂರೋಕೆ ಮಾಡಿದ ಫ್ಯಾನ್-ರೇಡಿಯೋ ಛತ್ರಿಗೆ ಆಕ್ಷೇಪ ಬಂದಿರೋದು ಬಹುತೇಕ ಸೆಕ್ಷನ್ 3(ಎಫ್) ಕಾರಣಕ್ಕೆ. ಗೊತ್ತಿರುವ ಸಾಮಾನುಗಳನ್ನು ಒಂದೆಡೆ ಕಟ್ಟಿ, ಪ್ರತಿಯೊಂದೂ ತನ್ನ ಪಾಡಿಗೆ ಮಾಮೂಲಿ ಕೆಲಸ ಮಾಡಿದರೆ 1970ರ ಪೇಟೆಂಟ್ ಕಾಯ್ದೆ ಅದನ್ನು ಆವಿಷ್ಕಾರ ಅನ್ನಲ್ಲ.

ಮೊದಲು ಪರೀಕ್ಷಾ ವರದಿಯ, ಅಂದ್ರೆ ಪೇಟೆಂಟ್ ಕಚೇರಿ ಆಕ್ಷೇಪ ಬರೆದು ಕಳಿಸಿದ ಪತ್ರದ, ತಾರೀಖು ನೋಡಿ. ಅಲ್ಲಿಂದ 6 ತಿಂಗಳೊಳಗೆ ಉತ್ತರ ಹೋಗಬೇಕು.

ಆಮೇಲೆ ಮೂಲ ಅರ್ಜಿಯ ವಿವರಣೆ ತೆಗೀರಿ. ಬಟ್ಟೆ ಕಾದಂತೆ ಫ್ಯಾನ್ ತಾನೇ ಜೋರಾಗುತ್ತೆ ಅಂದಿರಲ್ಲ, ಅದು ಅಲ್ಲಿ ಬರೆದಿದೆಯಾ? ಇದ್ದರೆ ಭಾಗಗಳು ಒಂದಕ್ಕೊಂದು ಸೇರಿ ಕೆಲಸ ಮಾಡುತ್ತವೆ ಅಂತ ತೋರಿಸಬಹುದು, ಅರ್ಧ ಕೆಲಸ ಆದಂಗೆ. ಮೊದಲನೇ ಕ್ಲೇಮನ್ನು (ಯಾವುದರ ಮೇಲೆ ಹಕ್ಕು ಕೇಳ್ತೀರಿ ಅನ್ನೋ ವಾಕ್ಯ) ಆ ಜೋಡಣೆ ಮೇಲೆಯೇ ತಿದ್ದಿ: ಬಿಸಿ ಗುರುತಿಸೋ ಸೆನ್ಸರ್ ಎಲ್ಲಿ ಹೊಲಿದಿದೆ, ವೈರ್ ಕೋಲಿನೊಳಗೆ ಹೇಗೆ ಇಳಿಯುತ್ತೆ, ಎಲ್ಲಾ. ವಿವರಣೆಯಲ್ಲಿ ಇಲ್ಲದ್ದನ್ನು ಈಗ ತುರುಕೋಕೆ ಅದೇ ಕಾಯ್ದೆಯ ಸೆಕ್ಷನ್ 59 ಬಿಡಲ್ಲ. ರೇಡಿಯೋ ಕೈಬಿಡಿ. ಕಾಕಾಗೆ ಬೇಜಾರಾಗುತ್ತೆ, ಆದ್ರೆ ಆಕ್ಷೇಪಕ್ಕೆ ಅದೇ ಸುಲಭದ ತುತ್ತು. ನಮ್ಮ ಸ್ಪ್ರೇಯರ್ ಅರ್ಜಿಯಲ್ಲಿ ಟಾರ್ಚ್ ತೆಗೆದ ಮೇಲೇ ಮಾತು ಮುಂದೆ ಹೋಗಿದ್ದು.

ಬೆಕ್ಕಿಗೆ ಲೇಸರ್ ತೋರಿಸಿ ಆಡಿಸೋದಕ್ಕೂ ಅಮೆರಿಕದಲ್ಲಿ ಪೇಟೆಂಟ್ ಇದೆ ಅಂತ ಬರೆದಿದ್ದೀರಿ. ನಿಜ, 1995ರಲ್ಲಿ ಕೊಟ್ಟರು. ಆಸ್ಟ್ರೇಲಿಯಾದಲ್ಲಿ 2001ರಲ್ಲಿ ಚಕ್ರಕ್ಕೇ ಇನ್ನೋವೇಶನ್ ಪೇಟೆಂಟ್ ಸಿಕ್ಕಿತ್ತು! ಅಲ್ಲಿ ಆಗ ಕೊಡುವ ಮುಂಚೆ ಹೊಸದೋ ಹಳೇದೋ ಅಂತ ನೋಡ್ತಿರಲಿಲ್ಲ, ಅಷ್ಟೇ. ಉತ್ತರದಲ್ಲಿ ಇವನ್ನೆಲ್ಲ ಎತ್ತಬೇಡಿ, ನಿಮ್ಮ ಅರ್ಜಿ ನೋಡೋ ಚೆನ್ನೈ ಪೇಟೆಂಟ್ ಕಚೇರಿಗೆ ಅವು ಲೆಕ್ಕಕ್ಕಿಲ್ಲ.

3(ಎಫ್) ದಾಟಿದರೂ "ಇದರಲ್ಲಿ ಹೊಸ ಬುದ್ಧಿವಂತಿಕೆ ಏನಿದೆ" ಅಂತ ಕೇಳಬಹುದು, ಹಾಗಾಗಿ ಗ್ಯಾರಂಟಿ ಕೊಡಲಾರೆ. ಉತ್ತರದ ಕೊನೆಗೆ ಹಿಯರಿಂಗ್ (ಅಧಿಕಾರಿ ಮುಂದೆ ನಿಮ್ಮ ಮಾತು ಹೇಳೋ ಅವಕಾಶ) ಬೇಕು ಅಂತ ತಪ್ಪದೇ ಬರೆಯಿರಿ. ವಿಡಿಯೋದಲ್ಲೇ ಮುಗಿಯುತ್ತೆ.